ಏಳನೆಯ ಪಟ್ಟಿ

ದೀಪವನ್ನು ದಾರಕ್ಕೆ ಕಟ್ಟಿ ಒಳಗಿಳಿಸಿದೆ.
ಹಲ್ಲಿನ ಡಾಕ್ಟರು ಬಳಸುವಂಥ ಪುಟ್ಟ ಕನ್ನಡಿ, ಒಂದು ಕಣ್ಣು ಮುಚ್ಚಿ,
ಬಾವಿಗೆ ಬಿದ್ದ ಕೊಡ ಹುಡುಕುವವಳ ಹಾಗೆ
ಗಿಟಾರಿನ ಹೊಟ್ಟೆಯೊಳಗೆ ಇಣುಕಿದೆ.

ಮೊದಲು ಚೀಟಿ. ಅಂಚು ಹುಳ ತಿಂದ ಕಾಗದ, ಕಂದು ಶಾಯಿ,
ಸಾವಿರದ ಎಂಟುನೂರ ಎಂಬತ್ತಮೂರು,
ಎಲಾದಿಯೊ ಬುಹಲಾನ್ಸೆ, ಕಾರ್ದೋಬಾ.
ಹೆಸರಿನ ಕೊನೆಗೆ ಉದ್ದ ಬಾಲ ಎಳೆದಿದ್ದಾನೆ ಮಹರಾಯ,
ಅಂಟು ಆರುವ ತನಕ ಬೇರೆ ಕೆಲಸವಿಲ್ಲದವನಂತೆ.

ಫುಯೆನ್ಸಾಂತಾ ಎದುರಿಗೆ ಕೂತಿದ್ದಾಳೆ, ಏಪ್ರನ್ ಬಿಚ್ಚದೆ.
ವಸಂತ ಬಂದರೆ ಚೌಕದ ಮೂಲೆಯಲ್ಲಿ
ಬಸವನಹುಳು ಬೇಯಿಸಿ ಮಾರುವವಳು,
ಮೈಯೆಲ್ಲ ಪುದೀನ, ಮೆಣಸು, ಹಬೆ.
"ಅಜ್ಜನದು," ಅಂದಳು. "ಕ್ಷೌರದಂಗಡಿಯ ಮೊಳೆಗೆ ತೂಗುಹಾಕಿದ್ದ.
ಸರದಿ ಕಾಯುವವರು ಯಾರಾದರೂ ಬಾರಿಸಬಹುದಿತ್ತು,
ಅರ್ಧ ಗಡ್ಡ ಹೋದವರೂ.
ಎಷ್ಟು ಬರುತ್ತೆ ಹೇಳು. ಗಾಡಿಯ ಪರವಾನಗಿ ಕಟ್ಟಬೇಕು."

ಬೆನ್ನು, ಪಕ್ಕೆ ಸೈಪ್ರೆಸ್ಸಿನದು,
ಸ್ಮಶಾನದ ಗೋಡೆಗುಂಟ ಬೆಳೆಯುವ ಮರ,
ಹಗುರ, ಬೇಗ ಮಾತಾಡುತ್ತದೆ.
ಎದೆಯ ಮೇಲೆ ಮೊಣಕೈ ಸವೆಸಿದ ಗುರುತು
ಒಂದಲ್ಲ, ಎಷ್ಟೋ ಮೊಣಕೈಗಳದು,
ಬಾವಿಕಟ್ಟೆಗೆ ಹಗ್ಗ ತೀಡಿದಂತೆ.
ತಂತಿ ಹೊತ್ತ ಕುದುರೆ
ನೂರನಲವತ್ತು ವರ್ಷ ನಿಂತಲ್ಲೇ ಓಡಿ
ಬೆನ್ನು ಕೊಂಚ ಬಾಗಿಸಿದೆ.

ಹಲಗೆಯ ಒಳಮೈಗೆ ಬೀಸಣಿಗೆಯ ಹಾಗೆ ಏಳು ಪಟ್ಟಿ.
ಆರು ಎಲಾದಿಯೊ ಕೈಯವು,
ಎಲೆಯ ನರದಷ್ಟು ತೆಳು, ತುದಿಯಲ್ಲಿ ಇಲ್ಲವೇ ಇಲ್ಲ ಎಂಬಂತೆ ಮುಗಿಯುತ್ತವೆ.
ಏಳನೆಯದು ಬೇರೆ.
ದಪ್ಪ, ಒರಟು, ಗಂಟಿರುವ ಅಗ್ಗದ ಮರ,
ಚಾಕುವಲ್ಲ, ಕ್ಷೌರದ ಕತ್ತಿ ಕೆತ್ತಿದ್ದು.
ಕನ್ನಡಿಯಲ್ಲಿ ಅದರ ಮೇಲೆ ಏನೋ ನೀಲಿ ಅಕ್ಷರ, ಹಿಂದುಮುಂದು.
ಉಸಿರು ಬಿಗಿಹಿಡಿದು ಕೂಡಿಸಿದೆ:
ವಲೆನ್ಸಿಯಾ ಎಂಬುದರ ಕೊನೆಯ ಅರ್ಧ.
ಕಿತ್ತಳೆ ಪೆಟ್ಟಿಗೆ.

ಮ್ಯಾಡ್ರಿಡಿನ ವ್ಯಾಪಾರಿಗೆ ಫೋನು ಮಾಡಿದೆ.
"ಕಸ," ಅಂದ. "ಕಿತ್ತುಹಾಕು, ಹಳೆಯ ಸ್ಪ್ರೂಸ್ ಕೂರಿಸು,
ಕಾಫಿ ನೀರಲ್ಲಿ ಬಣ್ಣ ಹಿಡಿಸು, ಯಾರಿಗೆ ಗೊತ್ತಾಗುತ್ತೆ?
ಚೀಟಿ ಮಾತ್ರ ಮುಟ್ಟಬೇಡ. ಬೆಲೆ ಮೂರು ಪಟ್ಟು."

ಸ್ಪೀಕರಿನಲ್ಲಿದ್ದ ಮಾತು ಅವಳಿಗೂ ಕೇಳಿತು.
ತೆಳು ಚಾಕುವನ್ನು ದೀಪಕ್ಕೆ ಹಿಡಿದೆ, ಹಳೆಯ ಅಂಟು ಬಿಸಿಗೆ ಬಿಡುತ್ತದೆ.
ಆಗ ಶುರುಮಾಡಿದಳು, ನನ್ನ ಕಡೆ ನೋಡದೆ:

"ಹಸಿವಿನ ವರ್ಷ ಅದು.
ಕಿತ್ತಳೆಯ ಸಿಪ್ಪೆಯನ್ನೂ ತಿಂದೆವು ಅನ್ನುತ್ತಿದ್ದಳು ಅಮ್ಮ.
ಪೆಟ್ಟಿಗೆ ಎಲ್ಲಿಂದಲೋ ತಂದವನು
ಅಷ್ಟನ್ನೂ ಒಲೆಗೆ ಹಾಕಲಿಲ್ಲವಂತೆ.
ಒಂದು ಹಲಗೆ ಬಚ್ಚಿಟ್ಟನಂತೆ.
ಜನವರಿ. ಮಗು ನಡುಗುತ್ತಿತ್ತು. ಆ ಮಗು ಅಮ್ಮ.
ಅಜ್ಜಿ ಸಾಯುವ ತನಕ ಬೈದಳು ಅವನನ್ನು,
ಆ ಹಲಗೆ ಏನಾಯಿತೋ ಯಾರಿಗೂ ಹೇಳಲಿಲ್ಲ ಮುದುಕ."

ಚಾಕು ನನ್ನ ಕೈಯಲ್ಲೇ ತಣ್ಣಗಾಯಿತು.

ತಂತಿ ಕಟ್ಟಿದೆ. ಬಿರಡೆ ಕಿರುಗುಟ್ಟಿ ಒಪ್ಪಿಕೊಂಡವು.
ಮೂರನೆಯ ತಂತಿ ಮೀಟಿದೆ.
ಮೊದಲು ಒಂದು ಗದರಿಕೆ, ಗಂಟಲಿನದು, ಒರಟು,
ಅದು ಇಳಿದ ಮೇಲೆ ಅದರಡಿಯಿಂದ
ಬೇರೇನೋ, ಹೆಸರಿಡಲಾರೆ,
ಹೊದಿಕೆಯೊಳಗೆ ಬೆಚ್ಚಗಾಗುತ್ತಿರುವ ಕಾಲುಗಳಂಥದು.
ಈ ಕಸುಬಿಗೆ ನಲವತ್ತು ವರ್ಷ. ಮರ ಸುಳ್ಳು ಹೇಳಿದ್ದು ಕಂಡಿದ್ದೇನೆ.
ಇದು ಹೇಳಲಿಲ್ಲ.

"ಕಿತ್ತರೆ ಪರವಾನಗಿಯ ಜೊತೆ ಹೊಸ ಗಾಡಿಯೂ ಬರುತ್ತೆ," ಅಂದೆ.
ಹೇಳುವುದು ನನ್ನ ಧರ್ಮ.
ಅವಳು ಏಪ್ರನ್ನಿನ ದಾರ ಬೆರಳಿಗೆ ಸುತ್ತಿದಳು, ಬಿಚ್ಚಿದಳು.
"ಹಾಗಾದರೆ ಪರವಾನಗಿಯೊಂದೇ ಸಾಕು.
ಹಳೇ ಗಾಡಿಗೆ ಚಕ್ರವಂತೂ ಇದೆ."

ರಸೀತಿಯಲ್ಲಿ ಬರೆದೆ, ಕೊಳ್ಳುವವನು ಓದಲಿ ಎಂದು:
ಬೆನ್ನಿನ ಸೀಳು ಕೂಡಿಸಿದೆ. ಎರಡು ಬಿರಡೆ ಹೊಸವು.
ಏಳನೆಯ ಪಟ್ಟಿ ಕಿತ್ತಳೆ ಪೆಟ್ಟಿಗೆಯದು, ಕ್ಷೌರಿಕನ ಕೆಲಸ.
ಗಟ್ಟಿಯಾಗಿದೆ. ಮುಟ್ಟಿಲ್ಲ.

ಕೂಲಿ ಬೇಡವೆಂದೆ. ಅವಳು ಕೇಳಲಿಲ್ಲ.
ಸಂಜೆ ಒಂದು ಲೋಟ ಬಸವನಹುಳು ಕಳಿಸಿದಳು, ಮೇಲೆ ತಟ್ಟೆ ಮುಚ್ಚಿ.
ಹಲ್ಲುಕಡ್ಡಿಯಿಂದ ಒಂದೊಂದನ್ನೇ ಮನೆಯಿಂದ ಹೊರಗೆಳೆದು ತಿಂದೆ.
ತಳದ ಸಾರು ಇನ್ನೂ ಬಿಸಿಯಿತ್ತು.